ಖಡಕ್ ರೊಟ್ಟಿಯಂಥ ಕೋಡು

ಗೆಳೆಯರೇ, ನಾನು ಸೋತೆ.

ಒಂದೇ ಕಂಪ್ಯೂಟರಿನೊಳಗೆ ಹಲವು ಕಂಪ್ಯೂಟರ್ ಓಡಿಸುವ ಸಾಫ್ಟ್‌ವೇರ್ ನಮ್ಮ ಜಮಖಂಡಿ ಆಫೀಸಿನದು. ಮೆಮೊರಿ ಹಂಚುವ ಕೋಡು ಅದರಲ್ಲಿ ಮೂರು ಕಡೆ ನಕಲಾಗಿ ಕೂತಿತ್ತು. ಒಂದರಲ್ಲಿ ತಪ್ಪು ತಿದ್ದಿದರೆ ಉಳಿದೆರಡರಲ್ಲಿ ಅದು ಹಾಗೇ ಉಳಿದು ಗಿರಾಕಿಗಳ ಕೆಲಸ ನಿಲ್ಲುತ್ತಿತ್ತು. ವಾರವಿಡೀ ಕೂತು ಒಂದನ್ನು ಸರಿಮಾಡಿ, ಮಿಕ್ಕಿದ್ದನ್ನು ಅಳಿಸಿದ್ದೆ. ಇವತ್ತು ನೋಡಿದರೆ ಅಳಿಸಿದ್ದೆಲ್ಲ ವಾಪಸ್! ಮತ್ತೆ ಗಿರಾಕಿಗಳ ಫೋನು.

“ನಾನಽ ಹಾಕೀನ್ರಿ ಅಕ್ಕಾರ,” ಎಂದ ಜೊತೆಗಾರ ಬೀರಪ್ಪ. “ಮನ್ಯಾಗ ಖಡಕ್ ರೊಟ್ಟಿ ಮಾಡಿ ಇಟ್ಟಿರಂಗಿಲ್ಲೇನ್ರಿ? ಹೊತ್ತಿಗಿ ಬೇಕಾಗತಾವು.”

“ಲೇ, ರೊಟ್ಟಿ ಕೆಡಂಗಿಲ್ಲೋ. ಇವು ಮೊದಲಽ ಕೆಟ್ಟಾವು!”

“ಹಂಗಾರ ನಿಮ್ಮ ಛಲೋ ಕೋಡಿಂದೂ ಒಂದ್ ಕಾಪಿ ತಗದಿಡ್ತೀನಿ ಬಿಡ್ರಿ.”

ಇಟ್ಟೂಬಿಟ್ಟ. ಇನ್ನು ಈ ರೊಟ್ಟಿಗಳಿಗೆ ನಾನು ಶೇಂಗಾ ಚಟ್ನಿ ಕುಟ್ಟುವುದೊಂದೇ ಬಾಕಿ.