ಬೂಟು ಬಿಚ್ಚದ ಗುರುಶಾಂತಪ್ಪ

ಗುರುಶಾಂತಪ್ಪ 1987ರ ಅಕ್ಟೋಬರ್ 14, ಬುಧವಾರ ಮಧ್ಯಾಹ್ನ, ಎಮರಿವಿಲ್‌ನಲ್ಲಿ ತಾನು ಕೆಲಸ ಮಾಡುತ್ತಿದ್ದ ಕಾರ್ಖಾನೆಯಲ್ಲಿ ಹೃದಯಾಘಾತದಿಂದ ತೀರಿಕೊಂಡ. ವಯಸ್ಸು ನಲವತ್ತಾರು. ಹೆಂಡತಿ ಸತ್ಯವತಿ, ಹನ್ನೆರಡು ವರ್ಷದ ಮಗಳು ಊರ್ಮಿಳಾ, ಗದಗಿನಲ್ಲಿ ತಾಯಿ ಬಂಗಾರೆವ್ವ ಇದ್ದಾರೆ.

ನಮ್ಮ ಯೂನಿಯನ್ ಸಿಟಿಯ ಕನ್ನಡಿಗರಲ್ಲಿ ಹೆಚ್ಚಿನವರಿಗೆ ಅವನು ಬಾಗಿಲಲ್ಲಿ ನಿಲ್ಲುವ ಮನುಷ್ಯನೆಂದೇ ಗೊತ್ತು. ಹಬ್ಬಕ್ಕೆ ಕರೆದರೆ ಹೆಂಡತಿ ಮಗಳನ್ನು ಒಳಗೆ ಕಳಿಸಿ, ತಾನು ಮೆಟ್ಟಿಲ ಬಳಿ ನಿಂತೇ ಕಾಫಿ ಕುಡಿಯುತ್ತಿದ್ದ. ಲಿವರ್‌ಮೋರ್ ದೇವಸ್ಥಾನಕ್ಕೆ ಹೋದರೆ ಕಾರಿನ ಪಕ್ಕದಲ್ಲೇ ಕಾಯುತ್ತಿದ್ದ.

“ಏನ್ರೀ, ನಮ್ಮನೆ ಕಾರ್ಪೆಟ್ಟಲ್ಲಿ ಮುಳ್ಳಿದ್ಯಾ?” ಎಂದು ಪಕ್ಕದ ಮನೆಯ ವೇದವತಿ ಒಮ್ಮೆ ಚುಚ್ಚಿದ್ದಳು.

“ಮುಳ್ಳಿದ್ರ ಬರ್ತಿದ್ನಿರಿ. ಮೆತ್ತಗೈತಿ, ಅದಕ್ಕ ಅಂಜಿಕಿ,” ಎಂದು ನಕ್ಕ.

ಮಿಲಿಟರಿಯಲ್ಲಿದ್ದವನ ಗತ್ತು ಎಂದುಕೊಂಡರು ಜನ. ಗತ್ತಲ್ಲ. ಅವನ ಎಡಗಾಲು ಮೊಣಕಾಲಿನ ಕೆಳಗೆ ಮರದ್ದು. ಅದರ ಪಾದವನ್ನು ಬೂಟಿನ ಹಿಮ್ಮಡಿಯ ಎತ್ತರಕ್ಕೆ ಹೊಂದಿಸಿ ಕೂರಿಸಿದ್ದರು. ಬೂಟು ಬಿಚ್ಚಿದರೆ ಹಿಮ್ಮಡಿ ತಗ್ಗಿ, ಮೈ ಹಿಂದಕ್ಕೆ ವಾಲಿ ಬೀಳುತ್ತಿದ್ದ. ಬಿಚ್ಚಲಾರೆ ಎಂದರೆ ಕಾರಣ ಹೇಳಬೇಕು. ಹೇಳಿದರೆ ಸುದ್ದಿ ಯಾವುದಾದರೂ ಕಾಗದ ಹತ್ತಿ ಗದಗಿಗೆ ಮುಟ್ಟೀತು.

ಅವನು ಇಲ್ಲಿಗೆ ಬಂದದ್ದು 1965ರಲ್ಲಿ, ಲೇತ್ ಯಂತ್ರದ ಕೆಲಸ ಕಲಿಯಲು. ಇಲ್ಲಿ ನೆಲೆಸಲು ಬಿಡುವ ಹಸಿರು ಕಾರ್ಡು ಕೈಸೇರಿದ ಕೆಲವೇ ತಿಂಗಳಲ್ಲಿ, ಕಾರ್ಡಿದ್ದವರಿಗೂ ಕಡ್ಡಾಯವಾಗಿದ್ದ ಸೇನೆಯ ಕರೆ ಬಂತು. ಊರಿಗೆ ಹೋಗಿಬಿಡು ಎಂದವರಿಗೆ, “ಉಂಡ ಮನಿಯವರು ಕರದಾಗ ಹಿತ್ತಲ ಬಾಗಲಲೆ ಓಡೂದೇನು?” ಎಂದ. ನೌಕಾಪಡೆಗೆ ಸೇರಿದ ಮರೀನ್ ಪಡೆಗೆ ಹಾಕಿದರು. 1968ರ ಫೆಬ್ರವರಿಯಲ್ಲಿ, ವಿಯೆಟ್ನಾಮಿನ ಒಂದು ಗದ್ದೆಯ ಬದುವಿನ ಮೇಲೆ ನೆಲಬಾಂಬು ಸಿಡಿಯಿತು. ಅದಕ್ಕೆ ಮೂರು ತಿಂಗಳ ಹಿಂದಷ್ಟೇ ಗದಗಿನಲ್ಲಿ ಅವನ ತಂದೆ ತೀರಿಕೊಂಡಿದ್ದರು. ಒಂದರ ಮೇಲೊಂದು ಬೇಡವೆಂದು, ಓಕ್‌ಲ್ಯಾಂಡಿನ ನೌಕಾಪಡೆಯ ಆಸ್ಪತ್ರೆಯಲ್ಲಿ ಮಲಗಿಕೊಂಡೇ ತಾಯಿಗೆ ‘ಕ್ಷೇಮವಾಗಿದ್ದೇನೆ’ ಎಂದು ಬರೆದ. ಮೊದಲ ಸುಳ್ಳು ಹೇಳಿದ್ದು ಕರುಣೆಯಿಂದ. ಆಮೇಲೆ ಅದನ್ನು ಬಿಡುವ ದಾರಿ ಸಿಗಲಿಲ್ಲ. ಊರಿಗೆ ಹೋಗುವುದನ್ನೇ ಬಿಟ್ಟ. ಹೇವರ್ಡಿನಲ್ಲಿ ನರ್ಸಾಗಿದ್ದ ಮೈಸೂರಿನ ಸತ್ಯವತಿಯನ್ನು ಮದುವೆಯಾದದ್ದೂ ಇಲ್ಲೇ.

ಅವನು ಹೋಗದಿದ್ದರೇನು, 1984ರ ಸೆಪ್ಟೆಂಬರಿನಲ್ಲಿ ಬಂಗಾರೆವ್ವನೇ ಬಂದಳು. ರೊಟ್ಟಿ ಸುಡುವ ಕಬ್ಬಿಣದ ಹಂಚನ್ನು ಸೀರೆಗಳ ನಡುವೆ ಸುತ್ತಿ ತಂದಿದ್ದಳು. ಮೂರನೆಯ ದಿನ ಅವಳ ಕಣ್ಣು ಮಗನ ಕಾಲಿಗೆ ಬಿತ್ತು.

“ಲಿಂಗಪೂಜಿ ನಡಿಯೂ ಮನ್ಯಾಗ ಚರ್ಮದ ಬೂಟೇನೋ?”

“ಇವು ಹೊರಗ ಹಾಕೂವಲ್ಲ ಬೇ, ಮನ್ಯಾಗಿನವು.”

“ಹಂಗಾರ ಹೊರಗ ಬರಿಗಾಲಿಲೆ ಅಡ್ಡಾಡು! ನೀ ಬೂಟ ಬಿಚ್ಚೂ ತನಕಾ ಈ ಮನ್ಯಾಗ ನಾ ಒಂದ ತುತ್ತ ಬಾಯಿಗೆ ಇಡೂದಿಲ್ಲ.”

ಆಡಿದಂತೆ ನಡೆದಳು. ಹಂಚು, ಜೋಳದ ಹಿಟ್ಟಿನ ಚೀಲ ಎತ್ತಿಕೊಂಡು ವೇದವತಿಯ ಅಡಿಗೆಮನೆಗೆ ಹೋಗಿ ಅಲ್ಲೇ ರೊಟ್ಟಿ ಬಡಿದುಕೊಂಡು ಉಂಡಳು. ರೊಟ್ಟಿಯ ಸದ್ದು ಬೇಲಿ ದಾಟಿ ಕೇಳುತ್ತಿತ್ತು.

“ಅತ್ತೆಗೆ ಹೇಳ್ಬಿಡಿ ರೀ,” ಎಂದಳು ಸತ್ಯವತಿ. “ಯುದ್ಧಕ್ಕೆ ಹೋಗೋಕೆ ಧೈರ್ಯ ಇತ್ತು, ಅಮ್ಮನ ಮುಂದೆ ಬಾಯಿ ಬಿಡೋಕೆ ಇಲ್ವಾ?”

“ಹೇಳ್ತೀನಿ. ಮೊದ್ಲ ಬರಿಗಾಲಿಲೆ ನಡೀತೀನಿ. ಬಿದ್ದು ಹೇಳಿದ್ರ ಅಳತಾಳ. ನಡದು ಹೇಳಿದ್ರ ಕೇಳತಾಳ.”

ಬೀರುವಿನಲ್ಲಿ ಹಳೆಯ ಮರದ ಕಾಲೊಂದಿತ್ತು. ಗ್ಯಾರೇಜಿನಲ್ಲಿ ಕೂತು ಅದರ ಹಿಮ್ಮಡಿಯ ಕೆಳಗೆ ಮರದ ಬೆಣೆ ಕೊರೆದು ಅಂಟಿಸಿದ. ದಪ್ಪವಾದರೆ ಮುಂದಕ್ಕೆ ತಳ್ಳುತ್ತಿತ್ತು, ತೆಳುವಾದರೆ ಹಿಂದಕ್ಕೆ ಎಳೆಯುತ್ತಿತ್ತು. ಒಂದೊಂದು ಸಲಕ್ಕೆ ಕಾಗದದಷ್ಟೇ ಉಜ್ಜಿ ತೆಗೆದ. ಹನ್ನೊಂದನೆಯ ದಿನ ಮುಗ್ಗರಿಸಿ ಗದ್ದ ಒಡೆದುಕೊಂಡ. ತಾಯಿ ಕೇಳಿದಾಗ ಬ್ಲೇಡು ತಾಗಿತು ಎಂದ. ಇಪ್ಪತ್ತನೆಯ ದಿನ ಎರಡೂ ಕಾಲಿಗೆ ಕಾಲುಚೀಲ ಹಾಕಿ, ಬೂಟಿಲ್ಲದೆ, ಗೋಡೆ ಹಿಡಿಯದೆ, ಗ್ಯಾರೇಜಿನಿಂದ ಅಡಿಗೆಮನೆಯವರೆಗೆ ನಡೆದುಬಂದ.

ಬಂಗಾರೆವ್ವ ಮಗನ ಕಾಲನ್ನೇ ನೋಡಿದಳು. ಸೀದಾ ವೇದವತಿಯ ಮನೆಗೆ ಹೋಗಿ ಹಂಚನ್ನು ಹೊತ್ತು ತಂದಳು. ಹೇಳುವುದನ್ನು ಊಟ ಆದಮೇಲೆ ಹೇಳೋಣವೆಂದು, ಅವನು ಒಲೆಯ ಪಕ್ಕ ನಿಂತು ಗದಗಿನ ಮಾತು ಕೇಳತೊಡಗಿದ. ಒಲೆಯ ಮೇಲಿಡುವಾಗ ಹಂಚು ಅವಳ ಕೈಯಿಂದ ಜಾರಿ ಅವನ ಎಡಪಾದದ ಮೇಲೆ ಬಿತ್ತು.

ಊರ್ಮಿಳಾ ಕಿರುಚಿದಳು. ಬಂಗಾರೆವ್ವ ಬಾಯಿಗೆ ಸೆರಗು ಹಿಡಿದಳು. ಅವನು ಮಾತ್ರ ಬಗ್ಗಿ ಹಂಚು ಎತ್ತಿ, “ಒಡದಿಲ್ಲ ಬಿಡ ಬೇ,” ಎಂದ. ಅಂದಮೇಲೆ ತಾನೇ ಬೆಚ್ಚಿದ.

ತಾಯಿ ನೆಲಕ್ಕೆ ಕುಳಿತಳು. ಮಡಕೆ ಕೊಳ್ಳುವಾಗ ಬಡಿದು ನೋಡುವಂತೆ ಆ ಪಾದವನ್ನು ಬೆರಳ ಗೆಣ್ಣಿನಿಂದ ಬಡಿದಳು. ಮೇಲಕ್ಕೆ ಬಡಿಯುತ್ತ ಹೋಗಿ ಮೊಣಕಾಲಿನ ಹತ್ತಿರ ನಿಂತಳು.

“ಎಷ್ಟ ವರ್ಷಾತು?”

“ಹದಿನಾರು.”

“ಹದಿನಾರು ವರ್ಷ ಕ್ಷೇಮ, ಕ್ಷೇಮ ಅಂತ ಬರದ್ಯಲ್ಲೋ, ಭಾಡ್ಯಾ.”

ಆಮೇಲೆ ಅತ್ತಳು. ಅತ್ತು ಮುಗಿಸಿ ಎದ್ದು, “ಬೂಟ ಹಾಕ್ಕೋ. ಬಿದ್ದಗಿದ್ದೀ,” ಎಂದು ಹಿಟ್ಟು ನಾದಿದಳು. ಅವನು ಬೂಟು ಹಾಕಲಿಲ್ಲ. ನಿಂತೇ ನಾಲ್ಕು ರೊಟ್ಟಿ ತಿಂದ. ಅವಳೂ ಅಲ್ಲೇ ಉಂಡಳು.

ಡಿಸೆಂಬರಿನಲ್ಲಿ ಹೊರಡುವಾಗ ವಿಮಾನ ನಿಲ್ದಾಣದಲ್ಲಿ ಅವಳು ಹೇಳಿದ್ದು ಇಷ್ಟು: “ಊರಾಗ ನಾ ಯಾರಿಗೂ ಹೇಳೂದಿಲ್ಲ. ನೀನ ಬಂದು, ನಮ್ಮ ಹೊಸ್ತಿಲಾ ದಾಟಿ, ನೀನ ಹೇಳು.”

ಆ ಮಾತನ್ನು ಗುರುಶಾಂತಪ್ಪ ಆದೇಶವೆಂದೇ ತೆಗೆದುಕೊಂಡ. ಆದರೆ ಗದಗಿನ ಮನೆ ಕಾರ್ಪೆಟ್ಟಿನದಲ್ಲ. ಮೂರು ಎತ್ತರದ ಕಲ್ಲು ಮೆಟ್ಟಿಲು, ಉಬ್ಬುತಗ್ಗಿನ ಅಂಗಳ. ಬೆಣೆ ಎರಡು ಸಲ ಸೀಳಿತು. 1986ರಲ್ಲಿ ಮೊಣಕಾಲಿನ ಕೆಳಗೆ ಹುಣ್ಣಾಗಿ ಶಸ್ತ್ರಚಿಕಿತ್ಸೆಯಾಯಿತು. ಐದು ತಿಂಗಳು ಊರುಗೋಲು. ಮತ್ತೆ ಮೊದಲಿಂದ ಶುರುಮಾಡಿದ. ಭಾನುವಾರ ಬೆಳಿಗ್ಗೆ ಯೂನಿಯನ್ ಸಿಟಿಯ ಹಿಂದಿನ ಒಣಹುಲ್ಲಿನ ಗುಡ್ಡವನ್ನು ಬರಿಗಾಲಲ್ಲಿ ಹತ್ತುತ್ತಿದ್ದ. ಹತ್ತುವುದು ಬೇಗ ಬಂತು, ಇಳಿಯುವುದಕ್ಕೆ ಬೇಸಿಗೆಯಿಡೀ ಬೇಕಾಯಿತು. ಎಡಗೈ ನೋಯುತ್ತದೆ ಎಂದು ಎರಡು ಬಾರಿ ಹೇಳಿದ್ದ. ಕೋಲು ಊರಿದ್ದರಿಂದ ಎಂದುಕೊಂಡ. ನಾವೂ ಹಾಗೇ ಅಂದುಕೊಂಡೆವು.

ಅಕ್ಟೋಬರ್ 14ರಂದು ಊಟದ ಬಿಡುವು ಮುಗಿಯುವ ಹೊತ್ತಿಗೆ ಅವನು ಫೋರ್‌ಮನ್ ಹ್ಯಾರಿಸ್‌ನ ಕೋಣೆಗೆ ರಜೆ ಚೀಟಿ ಒಯ್ದ. ಹ್ಯಾರಿಸ್ ಕೂಡ ಹಳೆಯ ಮರೀನ್, ಕೊರಿಯಾ ಯುದ್ಧ ಕಂಡವನು.

“ಮೂರು ವಾರ ಕೊಡ್ತೀನಿ,” ಎಂದ ಹ್ಯಾರಿಸ್.

“ಐದು ಬೇಕು. ಹೋಗಿಬರೋಕೇ ಒಂದು ವಾರ. ಒಂದು ವಾರ ಊರವರೆಲ್ಲ ಅಳ್ತಾರೆ. ಮಿಕ್ಕಿದ್ದು ನಾನು ನಡೆಯೋದಕ್ಕೆ.”

“ಇಪ್ಪತ್ತೆರಡು ವರ್ಷ ಹೋಗದವನಿಗೆ ಈಗೇನು ಇಷ್ಟು ಆತುರ?”

“ಈಗ ಇಳಿಯೋದೂ ಬಂತು.”

ಹ್ಯಾರಿಸ್ ಮೂರನ್ನು ಹೊಡೆದುಹಾಕಿ ಐದು ಎಂದು ಬರೆದ. ಮುಖ ಬಿಳಿಚಿದೆ, ಕೂತು ಸಹಿ ಮಾಡು ಎಂದು ಕುರ್ಚಿ ಮುಂದೆ ತಳ್ಳಿದ. ಗುರುಶಾಂತಪ್ಪ ಕುರ್ಚಿಯನ್ನು ಪಕ್ಕಕ್ಕೆ ಸರಿಸಿದ. ಚೀಟಿಯನ್ನು ಒಮ್ಮೆ ಪೂರ್ತಿ ಓದಿ, ನಿಂತುಕೊಂಡೇ ಸಹಿ ಹಾಕಿದ.