ನಿಂತಲ್ಲೇ ನಡೆಯುವವನು

ನನ್ನ ಮೈದುನನದು ನಡೆಯುವ ಕೆಲಸ. ಎಲ್ಲಿಗೂ ಹೋಗುವುದಿಲ್ಲ, ನಿಂತಲ್ಲೇ ನಡೆಯುತ್ತಾನೆ. ಸಿನಿಮಾ ತೆಗೆಯುವಾಗ ಮಾತು ಸರಿಯಾಗಿ ಸಿಕ್ಕರೆ ಸಾಕಂತೆ. ಹೆಜ್ಜೆ, ಬಟ್ಟೆಯ ಸರಸರ, ಬಾಗಿಲ ಚಿಲಕ, ಇವನ್ನೆಲ್ಲ ಆಮೇಲೆ ಈ ಪುಣ್ಯಾತ್ಮ ಕಿಟಕಿಯಿಲ್ಲದ ಕೋಣೆಯಲ್ಲಿ ಪರದೆ ನೋಡುತ್ತಾ ಮಾಡಿ ಸೇರಿಸಬೇಕು. ಒಮ್ಮೆ ಊಟದ ಡಬ್ಬಿ ಕೊಡಲು ಹೋಗಿದ್ದೆ. ನೆಲದ ಮೇಲೆ ಕಲ್ಲುಚಪ್ಪಡಿ, ಹಲಗೆ, ಮರಳು ತುಂಬಿದ ತಟ್ಟೆ. ಮೂಲೆಯಲ್ಲಿ ಹಳೇ ಚಪ್ಪಲಿಗಳ ರಾಶಿ. ಇವನು ದಪ್ಪ ಮೀಸೆ ಹೊತ್ತುಕೊಂಡು, ಎತ್ತರದ ಹಿಮ್ಮಡಿಯ ಚಪ್ಪಲಿ ಮೆಟ್ಟಿ, ನಾಯಕಿಯಾಗಿ ಮೆಟ್ಟಿಲಿಳಿಯುತ್ತಿದ್ದ. ನೋಡಿದರೆ ನಗು ಬರುತ್ತಿತ್ತು. ಕಣ್ಣು ಮುಚ್ಚಿದರೆ ಹುಡುಗಿಯೇ ಬಂದಳು.

ಅವನ ಹೆಂಡತಿ, ನನ್ನ ಓರಗಿತ್ತಿಗೆ, ಇದೊಂದು ಕೆಲಸ ಅಂತಲೇ ಅನ್ನಿಸಿರಲಿಲ್ಲ. "ಯಾಕೆ, ಹೀರೋಗೆ ಕಾಲಿಲ್ವಾ?" ಅನ್ನುವಳು. ಸಿನಿಮಾ ನೋಡಿ ಬಂದಾಗಲೆಲ್ಲ ಇವನು ಮೆಲ್ಲಗೆ, "ಸದ್ದು ಹೇಗಿತ್ತು?" ಅಂತ ಕೇಳುವನು. "ಹಾಡು ಚೆನ್ನಾಗಿತ್ತು" ಅನ್ನುವಳು. ಊರವರು ಗುರುತಿಸದಿದ್ದರೆ ಹಾಳಾಗಲಿ, ಕಟ್ಟಿಕೊಂಡವಳು ಒಂದೇ ಒಂದು ಸಲ 'ಇದು ನಿಮ್ಮದಲ್ವಾ' ಅನ್ನಲಿ ಅಂತ ಅವನ ಜೀವ ಬಾಯಿ ಬಾಯಿ ಬಿಡುತ್ತಿತ್ತು.

ಹೋದ ವರ್ಷ ಒಂದು ಸಿನಿಮಾ ಬಂತು. ಹೀರೋ ಅಣ್ಣನ ಮೇಲೆ ಮುನಿಸಿಕೊಂಡು ಮನೆ ಬಿಡುವ ದೃಶ್ಯ. ಹಾಡಿಲ್ಲ, ಮಾತಿಲ್ಲ, ಬರೀ ಹೆಜ್ಜೆ. ಅದಕ್ಕೆ ಇವನು ಊಟ ನಿದ್ದೆ ಬಿಟ್ಟಿದ್ದ. "ನೊಂದವನು ಕಾಲೆತ್ತಿ ನಡೆಯಲ್ಲ ಅತ್ತಿಗೆ, ಎಡಗಾಲು ಸ್ವಲ್ಪ ಹಿಂದೆ ಉಳಿಯುತ್ತೆ" ಅಂದಿದ್ದ.

ಮೂವರೂ ಥಿಯೇಟರಿಗೆ ಹೋದೆವು. ಆ ದೃಶ್ಯ ಬಂದಾಗ ಯಾರೂ ಕೆಮ್ಮಲಿಲ್ಲ. ಮುಂದಿನ ಸಾಲಿನ ದಢೂತಿ ಗಂಡಸು ಮೂಗು ಒರೆಸಿಕೊಂಡ. ನಾನೂ ಸೆರಗು ಕಣ್ಣಿಗೊತ್ತಿಕೊಂಡೆ. ಅಷ್ಟರಲ್ಲಿ ಓರಗಿತ್ತಿ ಕಿಸಕ್ಕನೆ ನಕ್ಕಳು.

"ಅಕ್ಕಾ, ಇದು ನಮ್ಮನೆಯವರದ್ದೇ. ನನ್ನ ಹತ್ರ ಬೈಸ್ಕೊಂಡು ಹಿತ್ತಲಿಗೆ ಹೋಗ್ತಾರಲ್ಲ, ಥೇಟ್ ಹಾಗೇ."

ಕರವಸ್ತ್ರ ಬಾಯಿಗೆ ತುರುಕಿಕೊಂಡರೂ ನಗು ನಿಲ್ಲಲಿಲ್ಲ. ಮುಂದಿನವನು ತಿರುಗಿ, "ನಿಮಗೆ ಕರುಳು ಅನ್ನೋದೇ ಇಲ್ವಾ ತಾಯಿ?" ಅಂದ. ಬೇಡಿದ ವರ ಕೈಗೆ ಬಿದ್ದರೂ ಮೈದುನ ಮುಖ ಕಿವುಚಿಕೊಂಡು ಕೂತಿದ್ದ.

ಅಂದಿನಿಂದ ಅವಳು ಯಾವ ಸಿನಿಮಾದಲ್ಲೂ ಅತ್ತಿಲ್ಲ. "ಇಗೋ ಈ ಏಟು ಇವರ ಮೊಣಕೈ, ಇಗೋ ಈ ಹೆಜ್ಜೆ ಇವರ ಹಿಮ್ಮಡಿ" ಅಂತ ಪಕ್ಕದವರಿಗೂ ತೋರಿಸುತ್ತಾಳೆ.

ಮೊನ್ನೆ ಮೈದುನ ತುದಿಗಾಲಲ್ಲಿ ನನ್ನ ಹತ್ತಿರ ಬಂದು ಪಿಸುಗುಟ್ಟಿದ: "ಅತ್ತಿಗೆ, ಹೊಸದೊಂದು ಬರ್ತಿದೆ. ಅದರಲ್ಲಿ ತಾಯಿ ಸಾಯ್ತಾಳೆ. ದಯವಿಟ್ಟು ಇವಳಿಗೆ ಹೇಳಬೇಡಿ."

ಅಡುಗೆಮನೆಯಿಂದ ಓರಗಿತ್ತಿ ಕೂಗಿದಳು: "ಅತ್ತಿಗೆ ಹತ್ರ ಏನ್ರೀ ಗುಟ್ಟು? ಕಳ್ಳಹೆಜ್ಜೆ ಇಲ್ಲೀವರೆಗೂ ಕೇಳ್ತಿದೆ."