ಜಾಳು ಹೆಣಿಗೆ ಒಪ್ಪದ ದುರ್ಗಾಂಬಿಕಾ

ಸವಳಂಗದಲ್ಲಿ ಬೆಳಗಿನ ಆರು ಗಂಟೆ. ಮುರುಗೇಶಪ್ಪನವರ ಮನೆ ಹಿಂದಿನ ಗುಡ್ಡದ ಮೇಲೆ ದುರ್ಗಾಂಬಿಕಾ ಕೇಬಲ್ ತುದಿಯ ಕಪ್ಪು ಸಿಪ್ಪೆ ಸುಲಿದು, ತಾಮ್ರದ ಹೆಣಿಗೆಯನ್ನು ಬೆಳಕಿಗೆ ಹಿಡಿಯುತ್ತಾರೆ. ಹೆಣಿಗೆಯ ಸಂದಿಯಲ್ಲಿ ಒಳಗಿನ ಬಿಳಿ ಇಣುಕಿದರೆ ಆ ಕೇಬಲ್ ವಾಪಸ್.

“ಸೀರೆ ಆರಿಸಿದಂಗೇ ರೀ. ಜಾಳಾಗಿದ್ರೆ ಎಷ್ಟು ಚೆಂದ ಇದ್ರೂ ಬ್ಯಾಡ.”

ನ್ಯಾಮತಿಯ ಈ ನಲವತ್ತೊಂದರ ಹೆಣ್ಣುಮಗಳು ಕೇಬಲ್ ಟಿ.ವಿ. ತಂತಿ ಎಳೆಯಲು ಶುರು ಮಾಡಿ ಹದಿನೆಂಟು ವರ್ಷ. ಈಗ ಇಂಟರ್‌ನೆಟ್ ತಂತಿಯೇ ಹೆಚ್ಚು. ದಿನಕ್ಕೆ ಏಳೆಂಟು ಮನೆ, ನಾಲ್ಕೈದು ಕಂಬ. ಮೊದಮೊದಲು “ಗಂಡಸ್ರು ಯಾರೂ ಬರ್ಲಿಲ್ವಾ?” ಎನ್ನುತ್ತಿದ್ದವರು ಈಗ ಸುಮ್ಮನೆ ಏಣಿ ಹಿಡಿಯುತ್ತಾರೆ. ಇದರ ನಡುವೆ ಹವ್ಯಾಸಿ (ಹ್ಯಾಮ್) ರೇಡಿಯೊದವರಿಗೆ ಹನ್ನೊಂದು ಆಂಟೆನಾ ನಿಲ್ಲಿಸಿದ್ದಾರೆ. ಹೊನ್ನಾಳಿ ಕಡೆ ಹೊಳೆ ಏರಿ ಫೋನು ಸತ್ತರೆ ಸುದ್ದಿ ಮುಟ್ಟಿಸಲು ಸಜ್ಜಾಗಿರುವವರು ಈ ರೇಡಿಯೊದವರೇ.

ಹನ್ನೊಂದರಲ್ಲಿ ಒಂದು ಮಾತ್ರ ಕೆಟ್ಟಿತು, ಅದು ಇದೇ ಗುಡ್ಡದ್ದು. ಮನೆ ತಗ್ಗಿನಲ್ಲಿದೆ, ಆಂಟೆನಾ ಇನ್ನೂರ ನಲವತ್ತು ಅಡಿ ದೂರ. ದುರ್ಗಾಂಬಿಕಾ ಲೆಕ್ಕದಲ್ಲಿ ನಲವತ್ತೆಂಟು ಮಾರು. ಟಿ.ವಿ. ಲೈನಿನಲ್ಲಿ ಚಿತ್ರ ಮಂಕಾದರೆ ನಡುವಿನ ಕಂಬಕ್ಕೊಂದು ಬೂಸ್ಟರ್ ತೂಗುಹಾಕಿದರಾಯಿತು. ಅದೇ ರೂಢಿಯಲ್ಲಿ ಇಲ್ಲೂ ಪೆನ್ಸಿಲ್‌ಗಿಂತ ಸಣ್ಣ ಕೇಬಲ್ ಎಳೆದುಬಿಟ್ಟರು.

“ಟಿ.ವಿ.ಗೆ ಬರೋದೊಂದೇ. ಇವ್ರದ್ದು ಮಾತು ಹೋಗೋದೂ ಐತೆ, ಆ ಬೂಸ್ಟರ್ ನಡೆಯಲ್ಲ. ಭದ್ರಾ ಕಾಲುವೆ ಕೊನೇ ಹೊಲಕ್ಕೆ ನೀರು ಮುಟ್ತೈತಾ? ಹಂಗೇ ಮಾತೆಲ್ಲ ದಾರೀಲೇ ಇಂಗಿಹೋತು. ಕಂಬದಿಂದ ಬಿದ್ದಾಗ್ಲೂ ನಂಗಷ್ಟು ನೋವಾಗಿರ್ಲಿಲ್ಲ.”

ನಿವೃತ್ತ ಅಂಚೆಯಣ್ಣ ಮುರುಗೇಶಪ್ಪನವರ ಮಾತು ಆರು ತಿಂಗಳಿಂದ ನ್ಯಾಮತಿ ದಾಟಿಲ್ಲ. ಹೆಂಡತಿ ಸಿದ್ದಲಿಂಗಮ್ಮ ನಗುತ್ತಾರೆ: “ದಿನಾ ಗೋಡೆ ಜೊತೆ ಮಾತಾಡ್ತಾರೆ ನಮ್ಮನೆಯೋರು.” ಇವತ್ತೂ ಮಾತು ಮುಟ್ಟದಿದ್ದರೆ ರೇಡಿಯೊ ಸೆಟ್ಟನ್ನು ಅಟ್ಟಕ್ಕೆ ಹಾಕುವುದೆಂದು ಆಕೆ ಹೇಳಿಯಾಗಿದೆ. ದುರ್ಗಾಂಬಿಕಾಗೆ ಅದು ತಮ್ಮ ಹೆಸರನ್ನೇ ಅಟ್ಟಕ್ಕೆ ಹಾಕಿದಂತೆ.

ಹಾಗಾಗಿ ಈ ಸಲ ಕಿರುಬೆರಳು ದಪ್ಪದ ಕೇಬಲ್. ಅದನ್ನು ಮುರಿಯುವಂತೆ ಮಡಿಸುವುದಿಲ್ಲ, ನಡುವೆ ಒಂದೂ ಗಂಟು ಹಾಕುವುದಿಲ್ಲ. ತುದಿಯ ಜೋಡಣೆಗೆ ಟೇಪನ್ನು ಕೆಳಗಿನಿಂದ ಮೇಲಕ್ಕೆ ಸುತ್ತುತ್ತಾರೆ, ಹೆಂಚು ಹೊದಿಸಿದ ಹಾಗೆ, ಮಳೆನೀರು ಜಾರಿಹೋಗಲೆಂದು.

ಏಳು ಗಂಟೆಗೆ ರೇಡಿಯೊದವರ ಭಾನುವಾರದ ಹಾಜರಿ ಶುರು. ಮನೆಯೊಳಗೆ ಮುರುಗೇಶಪ್ಪ ಮೈಕ್ ಹಿಡಿದು ಒಂದೊಂದೇ ಊರನ್ನು ಕರೆಯುತ್ತಾರೆ. ಹೊನ್ನಾಳಿ ಓಗೊಡುತ್ತದೆ, ಚನ್ನಗಿರಿ ಓಗೊಡುತ್ತದೆ. ಎಲ್ಲಕ್ಕಿಂತ ದೂರದ ಜಗಳೂರು ಮಾತ್ರ ಸುಮ್ಮನಿದೆ. ದುರ್ಗಾಂಬಿಕಾ ಬಾಗಿಲ ಚೌಕಟ್ಟು ಬಿಗಿಯಾಗಿ ಹಿಡಿದಿದ್ದಾರೆ. ಅಷ್ಟರಲ್ಲಿ ಜಗಳೂರಿನ ತಿಪ್ಪೇಶಪ್ಪನವರ ದನಿ: “ಸವಳಂಗ, ಚೆನ್ನಾಗಿ ಕೇಳ್ತೈತೆ! ಎಲ್ಲಿದ್ರಿ ಸ್ವಾಮಿ ಇಷ್ಟು ದಿನ?”

“ಅಂತೂ ಗೋಡೆಗೆ ಬಿಡುವು ಸಿಕ್ತು,” ಎಂದು ಸಿದ್ದಲಿಂಗಮ್ಮ ಕಾಫಿ ತರಲು ಏಳುತ್ತಾರೆ.

ಮುರುಗೇಶಪ್ಪ ಸಂಭ್ರಮದಲ್ಲಿ ಮೈಕ್ ಚಾಚಿದರೆ ದುರ್ಗಾಂಬಿಕಾ ಕೈ ಹಿಂದೆಗೆಯುತ್ತಾರೆ. “ಲೈಸೆನ್ಸ್ ಇಲ್ದೆ ಬ್ಯಾಡ ರೀ. ಈ ವರ್ಷ ಪರೀಕ್ಷೆ ಬರೀತೀನಿ. ಇಷ್ಟು ವರ್ಷ ಮಂದಿ ಮಾತಿಗೆ ದಾರಿ ಮಾಡ್ದೆ, ಆ ದಾರೀಲಿ ನನ್ನ ಮಾತೂ ಒಂದ್ಸಲ ಹೋಗಿ ಬರ್ಲಿ.”